ನಿಲ್ಲಿಸಿದ ಫ್ಯಾನು

ವೇಲಚೇರಿ, ಚೆನ್ನೈ
18-7-2025

ಪ್ರೀತಿಯ ತಂಗಿ ಅಮ್ಮಣ್ಣಿಗೆ ಅಣ್ಣನ ಆಶೀರ್ವಾದ.

ನೀನು ಕಳಿಸಿದ ಹಲಸಿನ ಹಪ್ಪಳ ಕರಿದು ತಿಂದು ಮುಗಿಸಿಯೂ ಆಯಿತು. ತಲುಪಿತು ಎಂದು ಎರಡು ಸಾಲು ಬರೆಯಲು ನನ್ನಿಂದಾಗಲಿಲ್ಲ. ಬೇಸರ ಮಾಡಬೇಡ. ಆಯಾಸ, ಬೇರೇನಲ್ಲ. ಹೋಟೆಲಿಗೆ ಬರುವ ಪೇಪರು ನೋಡಿ ಓದು ಕಲಿತವನ ಅಕ್ಷರ, ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು. ನಿನ್ನ ಮಂಡಿನೋವು ಹೇಗಿದೆ?

ಸೋಮವಾರ ತೃಷಾಳ ಶಾಲೆಯಿಂದ ಫೋನು ಬಂತು. ಮಗ ಸಂದೇಶನಿಗೆ ಹೋಟೆಲು ಬಿಟ್ಟು ಏಳುವಂತಿರಲಿಲ್ಲ, ನಾನೇ ಹೋದೆ. ಮೊಮ್ಮಗಳಿಗೆ ಯಾರೋ ಉಪದ್ರ ಕೊಟ್ಟಿರಬೇಕು ಎಂದು ಸಿಟ್ಟಿನಲ್ಲೇ ಮೆಟ್ಟಿಲು ಹತ್ತಿದೆ. ಅಲ್ಲಿ ಉಷಾ ಎಂಬ ಟೀಚರು. ವಾರಕ್ಕೊಂದು ಪೀರಿಯಡ್ಡು ಮಕ್ಕಳನ್ನು ಸುತ್ತ ಕೂರಿಸಿ, ಸಿಟ್ಟು ಬಂದರೆ ಏನು ಮಾಡುತ್ತೀರಿ, ಹೆದರಿಕೆಯಾದರೆ ಯಾರಿಗೆ ಹೇಳುತ್ತೀರಿ ಎಂದೆಲ್ಲ ಮಾತಾಡಿಸುವುದು ಅವರ ಕೆಲಸವಂತೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?

"ನಿಮ್ಮ ಮಗುವಿಗೆ ಏನೂ ಆಗಿಲ್ಲ ಸರ್. ಅವಳಿಂದಾಗಿ ಇನ್ನೊಂದು ಮಗು ಹನ್ನೊಂದು ದಿನದಿಂದ ಶಾಲೆಗೆ ಬಂದಿಲ್ಲ," ಅಂದರು.

ಆ ಮಗುವಿನ ಹೆಸರು ವೃಂದಾ. ಈ ವರ್ಷ ತೃಷಾಳ ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದವಳು. ಮಾತು ಕಡಿಮೆ, ಊಟ ಬಹಳ ನಿಧಾನ. ಮಧ್ಯಾಹ್ನ ತೃಷಾಳ ಗುಂಪಿನ ಬೆಂಚಿಗೆ ಬಂದು ಕೂರುತ್ತಿದ್ದಳು. ಅವಳು ಡಬ್ಬಿ ತೆರೆದು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಒಬ್ಬಳು ಒದ್ದೆ ಬಟ್ಟೆ ತಂದು ಅವಳ ಮುಂದೆ ಒರೆಸುವುದು, ಇನ್ನೊಬ್ಬಳು ಹೋಗಿ ಫ್ಯಾನು ನಿಲ್ಲಿಸುವುದು. ಅವಳು ಎದ್ದು ಹೋದ ಕೂಡಲೇ ಫ್ಯಾನು ಮತ್ತೆ ತಿರುಗುವುದು. ದಿನವೂ ಇದೇ. ಉಳಿದವರಿಗೆ ಇದನ್ನು ಹೇಳಿಕೊಟ್ಟವಳು ತೃಷಾ.

"ನಾ ಒಣ್ಣುಮೇ ಸೊಲ್ಲಲೆ ಅಜ್ಜಾ," ಒಂದು ಮಾತೂ ಆಡಿಲ್ಲ ಎಂದು ಅಲ್ಲೇ ನಿಂತಿದ್ದ ತೃಷಾ ತಮಿಳಿನಲ್ಲೇ ವಾದಿಸಿದಳು. "ಬೈಯಲಿಲ್ಲ, ಮುಟ್ಟಲಿಲ್ಲ. ಯಾರನ್ನ ಬೇಕಾದ್ರೂ ಕೇಳಿ!"

ಕೇಳು ಅಮ್ಮಣ್ಣಿ. ಅದು ನಮ್ಮ ಹೋಟೆಲಿನ ಕ್ರಮ. ಕಾಫಿ ಮುಗಿದರೂ ಏಳದ ಗಿರಾಕಿಗೆ ಏಳಿ ಎನ್ನುವ ಹಾಗಿಲ್ಲ. ಟೇಬಲು ಒರೆಸಬೇಕು, ಫ್ಯಾನು ನಿಲ್ಲಿಸಬೇಕು. ತಾನಾಗಿ ಎದ್ದು ಹೋಗುತ್ತಾನೆ. "ಬಾಯಿ ಬಿಡಬೇಡ, ಬಟ್ಟೆ ಹಾಕು" ಎಂದು ನಲವತ್ತು ವರ್ಷ ಸಪ್ಲೈಯರುಗಳಿಗೆ ಕಲಿಸಿದವನೇ ನಾನು.

ಉಷಾ ಟೀಚರು ದಂಡ ಹಾಕಲಿಲ್ಲ, ಮನೆಗೆ ಕಳಿಸಲಿಲ್ಲ. "ಮಾತಿಲ್ಲದೆ ಎಬ್ಬಿಸಿದೆಯಲ್ಲಮ್ಮ, ಈಗ ಮಾತಾಡಿ ಕರೆದುಕೊಂಡು ಬಾ," ಅಂದರು, ಅಷ್ಟೇ.

ನಿನ್ನೆ ಸಂಜೆ ವೃಂದಾಳ ಮನೆಗೆ ಹೋದೆವು. ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು. ಅವಳ ತಾಯಿ ಬಾಗಿಲು ಅರ್ಧ ಮಾತ್ರ ತೆರೆದರು. "ಈಗ ಮನೆಯಲ್ಲೂ ಊಟಕ್ಕೆ ಕೂರುವುದಿಲ್ಲ ಇವಳು. ನಿಂತುಕೊಂಡೇ ಎರಡು ತುತ್ತು ನುಂಗ್ತಾಳೆ," ಅಂದರು. ಹಿಂದೆ ಅಡುಗೆಮನೆಯ ಹತ್ತಿರ ಆ ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ಅಷ್ಟು ವಾದಿಸಿದ ನಮ್ಮ ತೃಷಾ ನನ್ನ ಬೆನ್ನ ಹಿಂದೆ ಸರಿದಳು.

ಇಳಿಯುವಾಗ ಕೇಳಿದಳು, "ಸಾರಿ ಹೇಗೆ ಹೇಳೋದು ಅಜ್ಜಾ? ನೀವು ಯಾರಿಗಾದ್ರೂ ಹೇಳಿದ್ದೀರಾ?"

ಕಾಲು ನೋವು ಎಂದು ಮೆಟ್ಟಿಲ ಮೇಲೇ ಕುಳಿತೆ. ನಾಳೆ ಮತ್ತೆ ಹೋಗುತ್ತೇವೆ, ಬಾಗಿಲು ತೆರೆಯದಿದ್ದರೆ ನಾಡಿದ್ದೂ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಾತ್ರೆ ತಪ್ಪಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಕೃಷ್ಣರಾಜ

ತಾ.ಕ.: ಹೋಟೆಲಿನಲ್ಲಿ ನೋಡಿ ಕಲಿತಳು ಎನ್ನುವ ಹಾಗೆ ಮೇಲೆ ಬರೆದೆ. ಪೂರ್ತಿ ನಿಜವಲ್ಲ. ಮೆಟ್ಟಿಲ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು: "ಹೋಟೆಲಲ್ಲಿ ಅಲ್ಲ ಅಜ್ಜಾ. ಅಮ್ಮಣ್ಣಿ ಅಜ್ಜಿ ಬಂದಿದ್ದಾಗ ನೀವು ಮಾಡಿದ್ರಲ್ಲ." ಭಾವ ತೀರಿಕೊಂಡ ಮೇಲೆ ನೀನು ನಮ್ಮಲ್ಲಿಗೆ ಬಂದು ಆಗ ಒಂದು ತಿಂಗಳಾಗಿತ್ತು. ಊಟ ಮುಗಿದು ಕೈ ಒಣಗಿದರೂ ಸುಮ್ಮನೆ ಕೂತಿದ್ದಿ. ನಾನು ಏನೂ ಹೇಳದೆ ಫ್ಯಾನು ನಿಲ್ಲಿಸಿದೆ. ನಿನ್ನ ಪಕ್ಕದಲ್ಲಿ ಏಳು ವರ್ಷದ ತೃಷಾ ಇದ್ದಳು. ಮರುದಿನ ನೀನು ಊರಿಗೆ ಹೊರಟೆ. ಆರು ವರ್ಷದಿಂದ, ಕರೆದಾಗಲೆಲ್ಲ ಮಂಡಿನೋವು ಅನ್ನುತ್ತಿ. ನಾನೂ ನಂಬಿದವನ ಹಾಗೆ ಇದ್ದುಬಿಟ್ಟೆ. ತಪ್ಪಾಯಿತು ತಂಗಿ. ಬಾ, ಕೂತು ಊಟ ಮಾಡು.