ನಕ್ಷೆಯಲ್ಲಿ ಬಿಟ್ಟ ಕೋಣೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7

ಮತ್ತೆ ಟೇಪು ಹಿಡಿದು ಹತ್ತಿದ್ದಾಯಿತು. ಮೂರು ಮಹಡಿ, ಐವತ್ತೆರಡು ಮೆಟ್ಟಿಲು, ಎರಡು ಹಾಳು ಮಂಡಿ. ಅಗಲ ಹದಿನೆಂಟು ಅಡಿ, ಉದ್ದ ಅರವತ್ತು. ಈ ಬೀದಿಯ ಮನೆಗಳೆಲ್ಲ ಹೀಗೇ. ಹೆಗಲಿಗೆ ಹೆಗಲು, ಎರಡು ಮನೆಗೆ ಒಂದೇ ಗೋಡೆ. ಬಾಗಿಲ ಮೇಲೆ ಸರ್ಕಾರದ ತಗಡು: ನೂರಮೂವತ್ತು ವರ್ಷದ ಕಟ್ಟಡ, ಮುಂಭಾಗ ಮುಟ್ಟಬಾರದು. ಪಕ್ಕದಲ್ಲೇ ಬ್ರೋಕರ್ ಹೊಡೆದ ಬೋರ್ಡು: ಮಾರಾಟಕ್ಕಿದೆ.

ನಕ್ಷೆ ನಾನೇ ಬರೆಯಬೇಕಂತೆ. ತಮ್ಮನ ಅಪ್ಪಣೆ. "ಮೂವತ್ತು ವರ್ಷ ಊರೋರ ಮನೇದೆಲ್ಲ ಬರ್ದಿದೀಯ, ನಮ್ದಕ್ಕೆ ಬೇರೆಯೋರ್ನ ಕರೀಬೇಕಾ?" ಸರಿ ಮಹಾರಾಯ.

ಮಾರಿದರೆ ನನ್ನ ಪಾಲಿಗೆ ನೆಲಮಹಡಿಯ ಸಣ್ಣ ಫ್ಲಾಟು. ಒಂದೂ ಮೆಟ್ಟಿಲಿಲ್ಲ. ಅದೊಂದೇ ಆಸೆ. ನಾಚಿಕೆಯೇನಿಲ್ಲ.

ಮಾರ್ಚ್ 8, ಶನಿವಾರ

ಬೀದಿಯ ಹದಿನಾಲ್ಕನೇ ನಂಬರು ಮನೆ ಲಾಡ್ಜ್ ಆಯಿತು. ಒಂಬತ್ತರಲ್ಲಿ ಹಲ್ಲಿನ ಡಾಕ್ಟರು. ಬೀಗದಂಗಡಿ ಜಾಗದಲ್ಲಿ ಕಾಫಿ, ಒಂದು ಕಪ್ಪಿಗೆ ಜೀವ ಕೇಳುತ್ತಾರೆ. ನಮ್ಮದು ಹೋಟೆಲ್ ಆಗುತ್ತದಂತೆ. ಕೊಳ್ಳುವವರು ಇಂದು ಎಂಜಿನಿಯರ್ ಕರೆತಂದಿದ್ದರು. ಹುಷಾರು ಮನುಷ್ಯ. ಒಂದು ಕೈಯಲ್ಲಿ ನನ್ನ ನಕ್ಷೆ, ಇನ್ನೊಂದರಲ್ಲಿ ಹಳೇ ಕ್ರಯಪತ್ರ.

"ಮೇಡಂ, ಪತ್ರದ ಪ್ರಕಾರ ಎರಡನೇ ಮಹಡೀಲಿ ನಾಲ್ಕು ರೂಮು. ನೀವು ಮೂರೇ ಬರ್ದಿದೀರಲ್ಲ?"

ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಬೇಕಂತ ಬಿಟ್ಟಿದ್ದಲ್ಲ. ನಲವತ್ತಮೂರು ವರ್ಷದಿಂದ ಅದು ನಮ್ಮದಲ್ಲ. ಟೇಪು ಆ ಗೋಡೆಗೆ ತಗುಲಿದ ಕೂಡಲೇ ಮನೆ ಮುಗಿಯಿತು ಅಂತ ಬರೆದಿದ್ದೇನೆ. ಬೇರೆಯವರ ಮನೆಯಲ್ಲಿ ಇಂಥ ತಪ್ಪು ಒಂದು ದಿನವೂ ಮಾಡಿದವಳಲ್ಲ.

ಅದೇ ದಿನ, ಸಂಜೆ

ಬರೆದಿಡುತ್ತೇನೆ. ಅಪ್ಪ ಹೋದಾಗ ನನಗೆ ಹತ್ತು, ತಮ್ಮನಿಗೆ ಎರಡು. ಅಮ್ಮನಿಗೆ ಆಸ್ಪತ್ರೆಯಲ್ಲಿ ಶಿಫ್ಟು. ಇವನನ್ನು ನೋಡಿಕೊಂಡವರು ಪಕ್ಕದ ಮನೆಯ ಟೈಪಿಸ್ಟಮ್ಮ, ಮನೆಯಲ್ಲೇ ಕೂತು ಕೋರ್ಟಿನ ಕಾಗದ ಟೈಪು ಮಾಡುತ್ತಿದ್ದರು. ಅಲ್ಲಿದ್ದರೆ ಇಲ್ಲಿಗೆ ಬರಬೇಕು, ಇಲ್ಲಿದ್ದರೆ ಅಲ್ಲಿಗೆ. ಅತ್ತೂ ಅತ್ತೂ ಉಸಿರು ಕಟ್ಟುತ್ತಿತ್ತು ಮಗುವಿಗೆ. ಕೊನೆಗೆ ಅಮ್ಮ ಗಾರೆಯವನನ್ನು ಕರೆಸಿ ಹಿಂದಿನ ಕೋಣೆಯ ಗೋಡೆ ಒಡೆಸಿ ಆ ಮನೆಗೆ ಬಾಗಿಲು ಇಡಿಸಿದಳು. ಇವನು ಶಾಲೆಗೆ ಹೊರಟ ಮೇಲೆ ಮುಚ್ಚಿಸಿದ್ದು ಆ ಬಾಗಿಲನ್ನಲ್ಲ, ನಮ್ಮ ಕಡೆಯದನ್ನು. "ಇನ್ಮೇಲೆ ಈ ರೂಮು ನಿಂದೇ ಕಣೇ" ಅಂದಳು ಟೈಪಿಸ್ಟಮ್ಮನಿಗೆ. ಇಟ್ಟಿಗೆ ಎತ್ತಿ ಕೊಟ್ಟವಳು ನಾನು. ಕಾಗದ ಗೀಗದ ಏನಿಲ್ಲ.

ಟೈಪಿಸ್ಟಮ್ಮನಿಗೆ ಈಗ ಎಂಬತ್ತೊಂದು. ಆಚೆ ಪಕ್ಕದ ಲಾಡ್ಜಿನವರು ಕಟ್ಟಡ ಎತ್ತರಿಸಿದ ಮೇಲೆ ಅವರ ಮನೆಗೆಲ್ಲ ಬಿಸಿಲು ಬರುವ ಕಿಟಕಿ ಆ ಕೋಣೆಯದೊಂದೇ. ಮಲಗುವುದು, ಓದುವುದು ಎಲ್ಲ ಅಲ್ಲೇ.

ಮಾರ್ಚ್ 9, ಭಾನುವಾರ

ತಮ್ಮ ಬಂದಿದ್ದ.

"ಕೊಟ್ಟಿದ್ದಕ್ಕೆ ಕಾಗದ ಎಲ್ಲಿ?"

"ಕಾಗದ ಇಲ್ಲ. ನಾನಿದೀನಲ್ಲ."

"ನೀನು ಕಾಗದಾನಾ?"

ಮುಂಭಾಗ ಮುಟ್ಟುವ ಹಾಗಿಲ್ಲವಾದ್ದರಿಂದ ಲಿಫ್ಟು ಆ ಕೋಣೆಯಲ್ಲೇ ಬರಬೇಕಂತೆ. ಅದಿಲ್ಲದಿದ್ದರೆ ವ್ಯಾಪಾರವೇ ಇಲ್ಲ. "ಅವ್ರನ್ನೇನು ಬೀದಿಗೆ ಹಾಕ್ತಿದೀವಾ? ಮಿಕ್ಕ ಮನೆ ಇದೆಯಲ್ಲಾ." ಮಿಕ್ಕ ಮನೆ ಅಂದರೆ ಕತ್ತಲೆ. ಬಾಯಿ ಮುಚ್ಚು ಅಂದೆ. ಚಹಾ ಕುಡಿಯದೆ ಹೋದ.

ಬಾಗಿಲು ಯಾರಿಗೋಸ್ಕರ ಇಟ್ಟಿದ್ದು ಅಂತ ಅವನಿಗೆ ಗೊತ್ತಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹೇಳಿದ್ದರೆ ಕಣ್ಣೀರು ತರಿಸಿ ಗೆದ್ದ ಹಾಗಾಗುತ್ತಿತ್ತು.

ಮಾರ್ಚ್ 19, ಬುಧವಾರ

ಹತ್ತು ದಿನ ಏನೂ ಬರೆದಿಲ್ಲ. ಬ್ರೋಕರ್ ಐದು ಸಲ ಫೋನ್ ಮಾಡಿದ. ನಾಲ್ಕನೇ ಕೋಣೆ ಪೆನ್ಸಿಲ್ಲಿನಲ್ಲಿ ಸೇರಿಸಿದೆ, ಅಳಿಸಿದೆ, ಸೇರಿಸಿದೆ... ಹಾಳೆಯೇ ತೂತಾಯಿತು.

ಫ್ಲಾಟು ನೋಡಿ ಬಂದೆ. ಚೆನ್ನಾಗಿದೆ, ಹಾಳಾದ್ದು. ಬಾಗಿಲು ತೆಗೆದರೆ ನೆಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅನ್ನಿಸಿತು — ಆಯಮ್ಮ ಇನ್ನೆಷ್ಟು ವರ್ಷ ಇರ್ತಾರೆ? ಹೌದು, ಹಾಗೇ ಅನ್ನಿಸಿತು. ಥೂ ನನ್ನ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ

ಟೈಪಿಸ್ಟಮ್ಮ ಕರೆದರು. ಹೋದೆ. ಕೈಗೊಂದು ಕಾಗದ ಕೊಟ್ಟರು: ಕೋಣೆ ನಿಮ್ಮದು, ತಿಂಗಳೊಳಗೆ ಖಾಲಿ ಮಾಡಿಕೊಡುತ್ತೇನೆ. ಒಂದು ಅಕ್ಷರ ತಪ್ಪಿಲ್ಲ. ಸಹಿಯೂ ಹಾಕಿದ್ದಾರೆ.

"ಊರೋರದ್ದೆಲ್ಲ ಟೈಪ್ ಮಾಡ್ಕೊಟ್ಟೋಳಿಗೆ ನಂದೊಂದು ಬರಲ್ವೇನೇ? ನೀವಿಬ್ರೂ ಜಗಳ ಆಡಿದ್ದು ಗೋಡೆಯಾಚೆಗೆಲ್ಲ ಕೇಳಿಸ್ತು. ನೀನು ಮೂರ್ನಾಲ್ಕು ಸಲ ನಮ್ಮ ಬಾಗಿಲ ತನಕ ಬಂದು ವಾಪಸ್ ಹೋದೆ. ನಿನ್ನ ಮಂಡಿ ಸದ್ದು ನಂಗೆ ಕೇಳ್ಸಲ್ವಾ?"

ಮಂಚ ಆಗಲೇ ಕತ್ತಲೆ ಕೋಣೆಗೆ ಬಂದಿತ್ತು. ಯಾರು ತಳ್ಳಿದ್ದು ಅಂದೆ. "ನಾನೇ. ದಿನಕ್ಕೊಂದಿಷ್ಟು." ಕಾಗದ ತಂದುಬಿಟ್ಟೆ. ಯಾಕೆ ತಂದೆ?

ಮಾರ್ಚ್ 24, ಸೋಮವಾರ. 8.30

ಟೈಪಿಸ್ಟಮ್ಮನ ಕಾಗದ ಹರಿದು ಹಾಕಿದೆ. ಹೊಸ ಹಾಳೆಯಲ್ಲಿ ಇಂಕಿನಲ್ಲೇ ಬರೆದೆ. ಎರಡನೇ ಮಹಡಿ, ಮೂರು ಕೋಣೆ. ಗೋಡೆಯಾಚೆ ಷರಾ: 'ಈ ಕೋಣೆ ಪಕ್ಕದ ಮನೆಗೆ ಸೇರಿದ್ದು. ಕೊಟ್ಟವರು ನಮ್ಮ ತಾಯಿ. ಕಣ್ಣಾರೆ ಕಂಡವಳು ನಾನು.' ಸಹಿ, ಲೈಸೆನ್ಸ್ ನಂಬರು, ಸೀಲು. ಫ್ಲಾಟು ಹೋಯಿತು. ಐದು ನಿಮಿಷ ಅದಕ್ಕೇ ಅತ್ತೆ.

ಆಮೇಲೆ ತಲೆಗೆ ಹೊಳೆಯಿತು. ಟೈಪಿಸ್ಟಮ್ಮ ಕಾರ್ಬನ್ ಇಡದೆ ಯಾವತ್ತೂ ಟೈಪು ಮಾಡಿದವರಲ್ಲ. ಮೂರು ಪ್ರತಿ, ಮೂರಕ್ಕೂ ಸಹಿ! ತಮ್ಮ ಹನ್ನೊಂದಕ್ಕೆ ಬರುತ್ತಾನೆ.

9.15

ಟೈಪಿಸ್ಟಮ್ಮನ ಮನೆಗೆ ಓಡಿದೆ. ಒಂದು ಸಿಕ್ಕಿತು. ಇನ್ನೊಂದು? "ನಿನ್ನ ತಮ್ಮ ಶನಿವಾರ ಬಂದಿದ್ದ, ಹಳೇದೆಲ್ಲ ಕೇಳ್ಕೊಂಡು ತುಂಬಾ ಹೊತ್ತು ಕೂತಿದ್ದ. ಕೊಟ್ಟೆ. ನಿಂಗೆ ಹೇಳ್ಲಿಲ್ವಾ?"

ಎಂಜಿನಿಯರ್ ಕೈ ಸೇರಿದ್ದರೆ ನನ್ನ ನಕ್ಷೆಯಿಂದ ಪೊಟ್ಟಣ ಕಟ್ಟಬಹುದು.

11.40

ಬಂದ. ಎಲ್ಲಿ ಅದು ಅಂದೆ. ಪರ್ಸಿನಿಂದ ತೆಗೆದ. ಎಂಟು ಮಡಿಕೆ.

"ಎಂಜಿನಿಯರ್‌ಗೆ ಯಾಕೆ ಕೊಟ್ಟಿಲ್ಲ?"

ನನ್ನ ನಕ್ಷೆ ನೋಡಿದ, ಷರಾ ಎರಡು ಸಲ ಓದಿದ. "ಇದನ್ನೇ ಕಳ್ಸು" ಅಂದ.

"ಕೊಳ್ಳೋರು ಬಿಟ್ಟು ಹೋಗ್ತಾರೆ ಕಣೋ."

"ಹೋಗ್ಲಿ." ನಕ್ಷೆ ಸುರುಳಿ ಸುತ್ತುತ್ತಾ, "ಅಕ್ಕಾ, ನಾನು ಅಷ್ಟು ಅಳ್ತಿದ್ನಾ?"

"ಬೀದಿಗೆಲ್ಲ ಕೇಳೋ ಹಾಗೆ."

ಮುಖ ಒರೆಸಿಕೊಂಡು ಎದ್ದ. ಮಂಚ ವಾಪಸ್ ಕಿಟಕಿ ಹತ್ತಿರ ಇಡಬೇಕಂತೆ, ಈಗಲೇ. ಒಂದು ಕಡೆ ನಾನು ಹಿಡಿಯಬೇಕಂತೆ. ನನ್ನ ಮಂಡಿ ಅಂದೆ. ಮಂಡಿ ಗಿಂಡಿ ಏನಿಲ್ಲ ಅಂದವನು ದಡದಡ ಇಳಿದೇ ಹೋದ. ಆ ಮನೆಯ ಬಾಗಿಲಲ್ಲಿ ನಿಂತು ಅಕ್ಕಾ ಅಕ್ಕಾ ಅಂತ ಕೂಗುತ್ತಿದ್ದಾನೆ, ಬೀದಿಗೆಲ್ಲ ಕೇಳುವ ಹಾಗೆ. ಬಂದೆ ಕಣೋ, ಬಂ—