ಬಾಗಿನದಲ್ಲಿ ಬಂದ ಗರಿಗಳು

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾದರೂ ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕೆನಿಸಿತು. ಗುಡವಿ ಪಕ್ಷಿಧಾಮದಲ್ಲಿ ಹಕ್ಕಿ ಕಾಯುತ್ತಿದ್ದ ನೀನು, ನಾನು ಗೌರಿ ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ನನ್ನ ಬಾಗಿನದಲ್ಲಿ ಉದುರಿದ ಬೆಳ್ಳಕ್ಕಿ ಗರಿಯೊಂದನ್ನು ಇಡುತ್ತಿದ್ದೆಯಲ್ಲ, ಅವನ್ನು ಕೇಳಿಕೊಂಡು ಶಿಕಾರಿಪುರದ ಕಾಲೇಜಿನ ಮೇಘನಾ ಮೇಡಂ ಇವತ್ತು ಮನೆಗೆ ಬಂದಿದ್ದರು.

ಗರಿ ಬೆಳೆಯುವಾಗ ಹಕ್ಕಿಯ ಮೈಯಲ್ಲಿದ್ದ ಪಾದರಸ, ಸೀಸ ಅದರಲ್ಲೇ ಉಳಿಯುತ್ತವಂತೆ. ಹಳೆಯ ಗರಿಯನ್ನೂ ಹೊಸದನ್ನೂ ಪರೀಕ್ಷಿಸಿದರೆ ಕೆರೆ, ಗದ್ದೆಗಳಲ್ಲಿ ವಿಷ ಎಷ್ಟು ಏರಿದೆಯೆಂದು ತಿಳಿಯುತ್ತದಂತೆ.

ಟ್ರಂಕಿನಿಂದ ಹನ್ನೊಂದು ಗರಿ ತೆಗೆದುಕೊಟ್ಟೆ. ಒಂದೊಂದಕ್ಕೂ ನೀನು ದಾರದಲ್ಲಿ ಕಟ್ಟಿದ ಚೀಟಿ: ತಾರೀಖು, ಯಾವ ಮರದಡಿ ಸಿಕ್ಕಿತು, ಹಿಂದಿನ ದಿನ ಮಳೆ ಬಂದಿತ್ತೋ ಇಲ್ಲವೋ.

“ನಮ್ಮ ಸ್ಟೂಡೆಂಟ್ಸೂ ಇಷ್ಟು ನೀಟಾಗಿ ಬರೆಯಲ್ಲ ರೀ. ನಿಮ್ಮಪ್ಪ ಎಷ್ಟು ಓದಿದ್ರು?” ಎಂದರು.

“ನಾಲ್ಕನೇ ಕ್ಲಾಸು” ಎನ್ನುವಾಗ ನನ್ನ ದನಿ ತಾನಾಗಿಯೇ ಏರಿತು.

ಚೀಟಿ ಜೋಡಿಸುತ್ತ ಅವರು ಕೇಳಿದರು: “ನಡುವೆ ಒಂದು ವರ್ಷದ್ದು ಇಲ್ವಲ್ಲ?”

“ಆ ವರ್ಷ ಬೆಳ್ಳಕ್ಕಿ ಬಂದಿರ್ಲಿಲ್ಲ ರೀ” ಎಂದುಬಿಟ್ಟೆ. ಅವರು ಹಾಗೆಯೇ ಬರೆದುಕೊಂಡರು.

ಅದು ನೀನು ನಮ್ಮ ಗದ್ದೆಯ ಬದುವಿನ ಮೇಲೆ ನಿಂತು, “ಭತ್ತಕ್ಕೆ ಇಷ್ಟು ಔಷಧಿ ಹೊಡೀಬೇಡ್ರಿ ಅಳಿಯಂದ್ರೇ, ಬೆಳ್ಳಕ್ಕಿ ಇಲ್ಲೇ ಮೇಯ್ತಾವೆ” ಎಂದು ನನ್ನ ಗಂಡನಿಗೆ ಆಳುಗಳ ಎದುರೇ ಹೇಳಿದ ವರ್ಷ.

ಮೇಡಂ ಹೋದ ಮೇಲೆ ಸುಮ್ಮನಿರಲಾಗಲಿಲ್ಲ. ಮಳೆ ಬಾರದ ದಿನವನ್ನೂ ಬಿಡದೆ ಬರೆದಿಟ್ಟವನು ನೀನು. ಫೋನ್ ಮಾಡಿ ಹೇಳಿದೆ:

“ಮೇಡಂ, ನೀವು ಬರ್ಕೊಂಡಿದ್ದನ್ನ ಹೊಡೆದುಹಾಕ್ರಿ. ಆ ವರ್ಷನೂ ಹಕ್ಕಿ ಬಂದಿದ್ವು. ಅಪ್ಪನ ಮೇಲಿನ ಸಿಟ್ಟಿಗೆ ಹಬ್ಬಕ್ಕೆ ನಾನೇ ತವರಿಗೆ ಹೋಗಿರ್ಲಿಲ್ಲ.”