ಮೂಲೆಯ ಕೀ ಇಲ್ಲದ ಕೀಬೋರ್ಡ್

ವಗ್ದಿ,

ಕೈರೋ ರೈಲಿಗೆ ಹೊರಟೆ. ಫೂಲ್ ಕಾಳು ಪಾತ್ರೆಯಲ್ಲಿದೆ, ಬಿಸಿ ಮಾಡಿಕೋ. ಮಧ್ಯಾಹ್ನ ಅಪ್ಪನ ಕಣ್ಣಿಗೆ ಎರಡೇ ಹನಿ ಹಾಕು, ಮೂರಲ್ಲ.

ನಿನ್ನ ಕೀಬೋರ್ಡ್ ಬದಲಾಯಿಸಿ ತರಲು ನಾನು ಒಯ್ಯುತ್ತಿದ್ದೇನೆ, ಹುಡುಕಬೇಡ. ದೊಡ್ಡದು ತೊಗೋ ಅಂದರೆ, "ಇದಾದ್ರೆ ಚೀಲದಲ್ಲಿ ಹಿಡಿಸುತ್ತೆ ಅಕ್ಕಾ, ಕಾಫಿ ಅಂಗಡೀಲೂ ಕೂತು ಬರೀಬಹುದು" ಅಂತ ಕುಣಿದೆಯಲ್ಲ, ಅದೇ. ಟಕಟಕ ಸದ್ದು ಚೆನ್ನಾಗಿದೆ. ಬೆಳಿಗ್ಗೆ ಅದರಲ್ಲಿ ನನ್ನ ರಜೆ ಅರ್ಜಿ ಬರೆಯಲು ಕೂತೆ. ಮೊದಲ ಸಾಲಿಗೇ ಕೈ ನಿಂತಿತು. ಚಿಕ್ಕದು ಮಾಡುವ ಭರದಲ್ಲಿ ಎಡಮೂಲೆಯ ಕೀ ಬಿಟ್ಟಿದ್ದಾರೆ. ನಮ್ಮ 'ಝಾಲ್' ಅಕ್ಷರ ಇರುವುದೇ ಅಲ್ಲಿ. ಅದಿಲ್ಲದೆ ಅರಬಿಯಲ್ಲಿ 'ಇದು' ಅಂತಲೂ ಬರೆಯಲಾಗದು.

ಎರಡು ತಿಂಗಳಲ್ಲಿ ಇದರಲ್ಲೇ ಕಾದಂಬರಿಯ ತೊಂಬತ್ತು ಪುಟ ಮುಗಿಸಿದೆ ಅಂದೆಯಲ್ಲ ಮಹರಾಯ, ಹೇಗೆ?

ಅಪ್ಪನಿಗೆ ಹೇಳಲು ಹೋದೆ. ಕೋರ್ಟಿನಲ್ಲಿ ನಲವತ್ತು ವರ್ಷ ಟೈಪು ಕುಟ್ಟಿದ ಕೈ ಅವರದು. "ತಂದ ದಿನಾನೇ ಮುಟ್ಟಿ ನೋಡ್ದೆ ಕಣಮ್ಮ. ಆ ಅಕ್ಷರ ಎಲ್ಲಿ ಅಂತ ಅವ್ನೇ ಬಂದು ಕೇಳ್ತಾನೆ ಅಂತ ಕಾಯ್ತಾ ಇದೀನಿ" ಅಂದರು.

ಇನ್ನೂ ಕಾಯುತ್ತಿದ್ದಾರೆ. ಹನಿ ಹಾಕಿದ ಕೂಡಲೇ ನಿಜ ಹೇಳಿಬಿಡು. ಆಗ ಅವರಿಗೆ ನಿನ್ನ ಮುಖ ಕಾಣುವುದಿಲ್ಲ.

ಸೌಸನ್